ಏರಿದಷ್ಟೂ ನಯ

ಡಾಕ್ಟರು ಹೇಳಿದ್ದನ್ನು ನಂಜಪ್ಪನ್ ಪೂರ್ತಿ ಕೇಳಿಸಿಕೊಂಡ, ತಲೆಯಾಡಿಸಿದ, "ಸರಿ ಸಾರ್" ಎಂದ, ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದ. ಗಾಂಧಿಪುರಂ ಬಸ್ ಸ್ಟ್ಯಾಂಡಿನವರೆಗೆ ಕಾಲುಗಳು ತಮ್ಮ ಪಾಡಿಗೆ ತಾವು ನಡೆದವು. ಕುನ್ನತ್ತೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ ಕೂತ ಮೇಲೆಯೇ, ಅಯ್ಯೋ, ಇದು ಮತ್ತೆ ಬಂತಲ್ಲ ಎಂಬುದು ತಲೆಗೆ ಹತ್ತಿದ್ದು.

ಆರು ವರ್ಷದ ಕೆಳಗೆ ಅವನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ಕೊಯಮತ್ತೂರಿನಲ್ಲೇ ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದುಹಾಕಿದ್ದರು. ಅಲ್ಲಿಂದೀಚೆಗೆ ಆರು ತಿಂಗಳಿಗೊಮ್ಮೆ ಹೋಗಿ ರಕ್ತ ಕೊಟ್ಟು ಬರುವುದು, ಪಿಎಸ್‌ಎ ಎಂಬ ಒಂದು ನಂಬರನ್ನು ನೋಡಿಸುವುದು. ಗ್ರಂಥಿಯೇ ಇಲ್ಲದವನ ರಕ್ತದಲ್ಲಿ ಆ ನಂಬರು ಇರಲೇಬಾರದು. ಐದು ವರ್ಷ ಇರಲೂ ಇಲ್ಲ. ಹೋದ ವರ್ಷ ಸೊನ್ನೆ ಪಾಯಿಂಟ್ ಒಂದು ಅಂತ ತಲೆ ಎತ್ತಿತು. ಆಮೇಲೆ ಪಾಯಿಂಟ್ ಎರಡು. ಈಗ ಪಾಯಿಂಟ್ ನಾಲ್ಕು.

ಡಾಕ್ಟರ್ ದಿವಾಕರ್ ಮೆತ್ತಗೆ ಮಾತಾಡುವ ಮನುಷ್ಯ. ಅವರು ತಮಿಳಿನಲ್ಲಿ ಬಿಡಿಸಿ ಹೇಳಿದ್ದು ಇಷ್ಟು: ಸ್ಕ್ಯಾನಿನಲ್ಲಿ ಎಲ್ಲೂ ಏನೂ ಕಾಣುತ್ತಿಲ್ಲ. ಗ್ರಂಥಿ ಇದ್ದ ಜಾಗದಲ್ಲೇ ಕಣ್ಣಿಗೆ ಕಾಣದಷ್ಟು ಏನೋ ಉಳಿದಿರಬಹುದು. ನಂಬರು ಇಷ್ಟು ಕಡಿಮೆ ಇರುವಾಗಲೇ ಆ ಜಾಗಕ್ಕೆ ರೇಡಿಯೇಷನ್ ಕೊಟ್ಟರೆ ಹತೋಟಿಗೆ ಬರುವ ಸಾಧ್ಯತೆ ಹೆಚ್ಚು. ವಾರಕ್ಕೆ ಐದು ದಿನದಂತೆ ಮೂವತ್ತಮೂರು ದಿನ. ಬೇಕೆಂದರೆ ಜೊತೆಗೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್. ಬೇಡವೆಂದರೆ ಮೂರು ತಿಂಗಳು ಕಾದು ಇನ್ನೊಮ್ಮೆ ರಕ್ತ ನೋಡುವುದು. ರೇಡಿಯೇಷನ್ ಕೊಟ್ಟರೆ ಕೆಲವರಿಗೆ ಮತ್ತೆ ಮೂತ್ರ ಸೋರುವುದುಂಟು. "ಇವತ್ತೇ ಹೇಳ್ಬೇಕು ಅಂತಿಲ್ಲ ಅಯ್ಯಾ. ಬರೋ ಬುಧವಾರ ಮನೆಯವರನ್ನ ಕರ್ಕೊಂಡು ಬನ್ನಿ, ಕೂತು ಮಾತಾಡೋಣ."

ಇಷ್ಟೆಲ್ಲದರಲ್ಲಿ ನಂಜಪ್ಪನ ಕಿವಿಯಲ್ಲಿ ನಿಂತದ್ದು ಒಂದೇ ಮಾತು, ಸೋರುವ ಮಾತು. ಸಾವಿನ ಯೋಚನೆಯನ್ನು ಆರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದವನು ಅವನು, ಅರವತ್ತೇಳರ ಗಂಡಸು. ಆದರೆ ಆ ಒದ್ದೆ, ಆ ವಾಸನೆ, ಆ ವರ್ಷ? ಬೇಡಪ್ಪಾ ಬೇಡ ಅನ್ನಿಸಿತು. ಬಸ್ಸು ಅವಿನಾಶಿ ದಾಟುವಷ್ಟರಲ್ಲಿ ಅವನು ತೀರ್ಮಾನ ಮಾಡಿಬಿಟ್ಟಿದ್ದ. ಮೂರು ತಿಂಗಳು ಕಾಯುವುದು, ಆಮೇಲೆ ಇನ್ನು ಮೂರು, ಹೀಗೆ ಎಳೆಯುವಷ್ಟು ಎಳೆಯುವುದು. ಮಗಳು ನಿತ್ಯಾ ತಿರುಪ್ಪೂರಿನಲ್ಲಿದ್ದಳು. ಅವಳಿಗೆ ಹೇಳಿದರೆ ಮರುಗಳಿಗೆಯೇ ಅಮ್ಮನ ಕಿವಿಗೆ ಬೀಳುತ್ತದೆಂದು ಅವಳಿಗೂ ಫೋನ್ ಮಾಡಲಿಲ್ಲ.

ಮನೆಯ ಹೊಸ್ತಿಲಲ್ಲೇ ಹೆಂಡತಿ ರಾಜಾಮಣಿ ಕಾಯುತ್ತಿದ್ದಳು. ಮನೆಯೊಳಗೆ ಅವರದು ತಮಿಳು ಬೆರೆತ ಕನ್ನಡ.

"ಏನುಂಗ, ಇಷ್ಟ್ ಹೊತ್ತಾ? ಏನ್ ಹೇಳ್ದ್ರು ಡಾಕ್ಟ್ರು?"

ಯಾವಾಗಲೂ "ಚೆನ್ನಾಗಿದೆ" ಎಂದು ಒಂದೇ ಪದದಲ್ಲಿ ಮುಗಿಸುವವನು ಇವತ್ತು ದಣಿದಿದ್ದ. ನಾಲಿಗೆ ಜಾರಿತು.

"ನಂಬರು ಏರಿದೆ."

"ಏರಿದೆಯಾ! ಎಷ್ಟು?"

"ಒಂದು ಇದ್ದದ್ದು ನಾಲ್ಕಾಗಿದೆ."

"ಅಪ್ಪಾಡಾ!" ರಾಜಾಮಣಿ ಎರಡೂ ಕೈ ಎತ್ತಿ ಮುಗಿದಳು. "ತಾಯಿ ಚೌಡೇಶ್ವರಿ ಕಣ್ ಬಿಟ್ಳು. ಇನ್ನೂ ಏರ್ಲಿ, ನೂರಕ್ಕೆ ಹೋಗ್ಲಿ!"

ನಂಜಪ್ಪನ್ ಕಕ್ಕಾಬಿಕ್ಕಿಯಾದ. ಆಮೇಲೆ ಅರ್ಥವಾಯಿತು. ನೇಯುವವರ ಮನೆಯಲ್ಲಿ ಹುಟ್ಟಿ ನೇಯುವವರ ಮನೆಗೆ ಬಂದ ಹೆಂಗಸು ಅವಳು. ನಲವತ್ತನೇ ನಂಬರಿನ ನೂಲು ದಪ್ಪ, ಅರವತ್ತು ಪರವಾಗಿಲ್ಲ, ಎಂಬತ್ತು ನಯ, ನೂರು ಎಂದರೆ ಬೆರಳಿಗೆ ಸಿಕ್ಕದಷ್ಟು ನಯ. ಹುಟ್ಟಿದಾರಭ್ಯ ಅವಳು ಕಂಡ ನಂಬರೆಲ್ಲ ಏರಿದಷ್ಟೂ ಒಳ್ಳೆಯದೇ. ರಕ್ತದ ನಂಬರು ಮಾತ್ರ ತಲೆಕೆಳಗೆ ಓಡುತ್ತದೆಂದು ಅವಳಿಗೆ ಯಾರು ಹೇಳಿದ್ದರು? ಪ್ರತಿ ಸಲ ಒಬ್ಬನೇ ಬಸ್ಸು ಹತ್ತಿ ಹೋಗಿ, ಒಬ್ಬನೇ ಕೇಳಿಕೊಂಡು ಬರುತ್ತಿದ್ದವನು ಹೇಳಿರಲಿಲ್ಲ. ಈಗಲಾದರೂ ಹೇಳಬಹುದಿತ್ತು. ಬಾಯಿ ತೆರೆದ. ಅವಳ ಮುಖ ಊರಗಲವಾಗಿತ್ತು. ಬಾಯಿ ಮುಚ್ಚಿಕೊಂಡು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಪುಣ್ಯಾತ್ಮ.

ಹೇಳದೆ ಬಿಟ್ಟ ಮಾತು ಸುಮ್ಮನೆ ಬಿದ್ದಿರುತ್ತದೆಯೇ? ಮೂರನೇ ದಿನ ಲೋಗನಾಥನ್ ಮೊಪೆಡ್ಡಿನ ಹಿಂದೆ ದೊಡ್ಡದೊಂದು ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದ. ಬೀದಿಯ ಮಗ್ಗಗಳಿಗೆಲ್ಲ ನೂಲು ಕೊಟ್ಟು ಸೀರೆ ತೆಗೆದುಕೊಂಡು ಹೋಗುವವನು ಅವನೇ.

"ಅಣ್ಣಾ, ಅಕ್ಕ ಫೋನ್ ಮಾಡಿದ್ರು. ನಿಮ್ಗೆ ಪೂರಾ ಗುಣ ಆಯ್ತಂತಲ್ಲ, ರೊಂಬ ಸಂತೋಷ. ಕೋರ್ವೈ ಸೀರೆಗೆ ಪಾವು ತಂದಿದೀನಿ. ನಿಮ್ಮಿಬ್ಬರ ಕೈಯಲ್ಲಿ ಅಂಚು ಕೂತ ಹಾಗೆ ಈ ಬೀದೀಲಿ ಯಾರ ಕೈಯಲ್ಲೂ ಕೂರಲ್ಲ, ಆಮಾ."

ಕೋರ್ವೈ ಎಂದದ್ದೇ ನಂಜಪ್ಪನ್ ಹೆದರಿದ. ಪಾವು ಎಂದರೆ ಹಾಸು, ಮಗ್ಗದ ಉದ್ದಕ್ಕೆ ಹೂಡುವ ಎಳೆಗಳು. ಅದಕ್ಕಲ್ಲ ಅವನು ಹೆದರಿದ್ದು. ಕೋರ್ವೈ ಸೀರೆಯಲ್ಲಿ ಒಡಲಿಗೆ ಒಂದು ಬಣ್ಣ, ಅಂಚಿಗೆ ಬೇರೆ ಬಣ್ಣ. ಪ್ರತಿ ಎಳೆಯಲ್ಲೂ ಒಡಲಿನ ನೂಲು ಅಂಚಿನ ನೂಲನ್ನು ಕೊಕ್ಕೆ ಹಾಕಿ ಹಿಡಿಯಬೇಕು. ಅದಕ್ಕೆ ಮೂರು ಲಾಳಿ ಬೇಕು, ಮೂರನೆಯದನ್ನು ಎಸೆಯಲು ಇನ್ನೊಬ್ಬರು ಮಗ್ಗದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಮದುವೆಯಾದ ವರ್ಷದಿಂದ ಆ ಬಲಗಡೆಯ ಲಾಳಿ ರಾಜಾಮಣಿಯದು. ಜಗಳವಾಡಿದ ದಿನವೂ ಅವರು ಹಾಗೆಯೇ ಕೂತು ನೇಯ್ದವರು, ನಿತ್ಯಾ ಹುಟ್ಟುವ ಹಿಂದಿನ ದಿನವೂ.

ಆಪರೇಷನ್ ಆದ ಮೇಲೆ ಅದು ನಿಂತಿತು. ಮೊದಲ ವರ್ಷ ಅವನಿಗೆ ಮೂತ್ರ ನಿಲ್ಲುತ್ತಲೇ ಇರಲಿಲ್ಲ. ಒಳಗೆ ಪ್ಯಾಡು, ಅದರ ಮೇಲೆ ಬಟ್ಟೆ, ಅದರ ಮೇಲೆ ವೇಷ್ಟಿ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯುವಾಗ, ತುಳಿದ ಒತ್ತಡಕ್ಕೇ ಇಳಿದುಬಿಡುತ್ತಿತ್ತು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತಿದ್ದ ರಾಜಾಮಣಿ ಸೆರಗೆಳೆದು ಮೂಗಿಗೆ ಹಿಡಿದದ್ದನ್ನು ಅವನು ಓರೆಗಣ್ಣಲ್ಲಿ ನೋಡಿದ. ಏನೂ ಅನ್ನಲಿಲ್ಲ. ಮಾರನೆಯ ದಿನ, "ನನಗೆ ಬೆನ್ನು ನೋವು, ಇನ್ಮೇಲೆ ಕೋರ್ವೈ ಬೇಡ, ಸಾದಾ ಸೀರೆ ನೇಯ್ತೀನಿ, ಒಬ್ಬನೇ ಸಾಕು" ಅಂದ. ಅವಳು ಒಂದೇ ಸಲ ಕೇಳಿದಳು, "ನಾನೇನಾದ್ರೂ ತಪ್ಪು ಮಾಡಿದ್ನಾ?" ಅವನು ಇಲ್ಲ ಅಂದ. ಎರಡು ವರ್ಷದಲ್ಲಿ ಸೋರುವುದು ಹೆಚ್ಚುಕಡಿಮೆ ನಿಂತುಹೋಯಿತು, ಸೀನಿದಾಗ ಒಂದು ಹನಿ ಅಷ್ಟೆ. ಆದರೂ ಅವಳನ್ನು ತಿರುಗಿ ಮಗ್ಗಕ್ಕೆ ಕರೆಯಲು ಅವನಿಗೆ ಬಾಯಿ ಬರಲಿಲ್ಲ, ಕೇಳಿಕೊಂಡು ಬರಲು ಅವಳಿಗೆ ಮನಸ್ಸು ಬರಲಿಲ್ಲ.

ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಬೀದಿಯ ಉದ್ದಕ್ಕೂ ಹಾಸು ಹರಡಿ ಗಂಜಿ ಸವರಿದರು. ಅದು ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ, ಬೀದಿಯ ಹೆಂಗಸರೆಲ್ಲ ಬಂದು ಕೈಹಾಕಬೇಕು. ಬಂದವರಿಗೆಲ್ಲ ರಾಜಾಮಣಿ ಶಕ್ಕರೆ ಪೊಂಗಲ್ ಮಾಡಿ ಹಂಚಿದಳು. "ನಮ್ಮನೆಯವರಿಗೆ ನಂಬರು ಏರಿದೆ" ಎಂದು ಎದುರು ಮನೆಯ ಪೆರಿಯನಾಯಕಿಗೆ ಹೇಳಿದಳು. "ಅಪ್ಪಡಿಯಾ! ಅದೃಷ್ಟ ಮಾಡಿದೀ ಕಣೇ" ಎಂದು ಪೆರಿಯನಾಯಕಿ ಎರಡನೇ ಸಲ ಹಾಕಿಸಿಕೊಂಡಳು. ಅವಳೂ ನೇಯುವವರ ಮನೆಯ ಹೆಣ್ಣೇ ತಾನೆ! ನಂಜಪ್ಪನ್ ಗಂಜಿಯ ಕುಂಚ ಹಿಡಿದು ತಲೆ ತಗ್ಗಿಸಿ ನಡೆದ. ಬೀದಿಗೆ ಬೀದಿಯೇ ತನ್ನ ಕಾಯಿಲೆಗೆ ಸಿಹಿ ತಿನ್ನುತ್ತಿದೆಯಲ್ಲ ಎಂದು ಅವನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಮಂಗಳವಾರ ಮಧ್ಯಾಹ್ನ ರಾಜಾಮಣಿ ಮಗ್ಗದ ಹಿಂದೆ ಕೂತು ಎಳೆ ಹೊಸೆಯುತ್ತಿದ್ದಳು. ಹಳೆಯ ಹಾಸಿನ ತುದಿಯ ಎಳೆಗೆ ಹೊಸ ಹಾಸಿನ ಎಳೆಯನ್ನು ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಒಂದು ತಿರುವು. ಗಂಟು ಹಾಕುವ ಹಾಗಿಲ್ಲ. ಇಂಥವು ಮೂರು ಸಾವಿರದ ಮೇಲೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಏನೋ ಗುನುಗುತ್ತಿದ್ದಳು. ಆರು ವರ್ಷದಲ್ಲಿ ಅವಳು ಗುನುಗಿದ್ದನ್ನು ನಂಜಪ್ಪನ್ ಕೇಳಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ರಾಜಾಮಣಿ, ಆ ನಂಬರು ಏರಬಾರದು."

"ಯಾವ ನಂಬರು?" ಬೆರಳು ಹೊಸೆಯುತ್ತಲೇ ಇದ್ದವು.

"ರಕ್ತದ್ದು. ಅದು ಸೊನ್ನೆ ಇರ್ಬೇಕು. ಏರಿದ್ರೆ ಕಾಯಿಲೆ ತಿರುಗಿ ಬಂತು ಅಂತ."

ಇನ್ನೂ ಆರೇಳು ಎಳೆ ಹೊಸೆದಳು. ಆಮೇಲೆ ಕೈ ನಿಂತಿತು.

"ಅವತ್ತೇ ಯಾಕ್ ಹೇಳ್ಲಿಲ್ಲ?"

"ನೀನು ಖುಷಿಯಾಗಿದ್ದೆ."

"ಖುಷಿಯಾಗಿದ್ದೆ! ಬೀದಿ ತುಂಬಾ ಪೊಂಗಲ್ ಹಂಚಿದೀನಲ್ಲ ಮೂದೇವಿ ನಾನು! ಆ ಪೆರಿಯನಾಯಕಿ ಎರಡು ಸಲ ತಿಂದ್ಳು. ಈಗ ಹೋಗಿ, ಬಾಯ್ ತೆಗಿ, ವಾಪಸ್ ಕೊಡು ಅನ್ಲಾ?"

ಅವನಿಗೆ ನಗು ಬಂದೇ ಬಿಟ್ಟಿತು. ಆದರೆ ಅವಳು ಅಳುತ್ತಿದ್ದಳು. ಬೂದಿ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಬೂದಿ ಮಾಡಿಕೊಂಡಳು. ಅವನು ಪಕ್ಕದಲ್ಲಿ ಬಂದು ನೆಲದ ಮೇಲೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ, ಒಂದನ್ನು ಬಿಟ್ಟು.

"ಹಂಗಾದ್ರೆ ಮಾಡಿಸ್ಕೊಳ್ಳೋಣ. ಮೂವತ್ತಮೂರು ದಿನ ತಾನೆ?"

"ನನಗೆ ಬೇಡ. ಮೂರು ತಿಂಗಳು ನೋಡೋಣ."

"ಮೂರು ತಿಂಗಳಾದ ಮೇಲೆ?"

"ಆಮೇಲೂ ಬೇಡ."

"ಯಾಕೆ?"

ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಉತ್ತರ ಬರುವವರೆಗೆ ಏಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

"ಮತ್ತೆ ಸೋರುತ್ತಂತೆ," ಅಂದ. "ಎಲ್ಲರಿಗೂ ಅಲ್ಲ, ಕೆಲವರಿಗೆ. ನನಗೆ ಆದ್ರೆ? ಆ ವರ್ಷ ಮಗ್ಗದಲ್ಲಿ ನೀನು ಸೆರಗಲ್ಲಿ ಮೂಗು ಮುಚ್ಕೊಂಡೆ. ನಾನು ನೋಡ್ದೆ. ಅದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ."

"ಯಾವತ್ತು?"

"ನಿನಗೆ ನೆನಪಿಲ್ವಾ?"

"ಇಲ್ಲ." ಅವಳು ನಿಜವಾಗಿಯೂ ಯೋಚಿಸಿದಳು. "ಅದಕ್ಕಾ ನನ್ನ ಮಗ್ಗದಿಂದ ಎಬ್ಬಿಸಿದ್ದು? ಬೆನ್ನು ನೋವು ಅಂದದ್ದು ಸುಳ್ಳಾ?"

ಅವನು ಹೌದೆಂದು ತಲೆ ಆಡಿಸಿದ.

"ಅಯ್ಯೋ ಪಾಪಿ!" ಅವಳ ದನಿ ಏರಿತು. "ಆರು ವರ್ಷ ನಾನೇನ್ ಅನ್ಕೊಂಡೆ ಗೊತ್ತಾ? ನನಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ, ಅಂಚು ಕೆಡಿಸ್ತೀನಿ, ಅದನ್ನ ಬಾಯ್ಬಿಟ್ಟು ಹೇಳಾರ್ದೆ ಬೆನ್ನು ನೋವು ಅಂತಾರೆ ಅನ್ಕೊಂಡೆ. ನಿತ್ಯಾನ ಕರ್ಕೊಂಡು ಹೋಗಿ ಈ ಕನ್ನಡಕ ಮಾಡಿಸ್ದೆ. ಯಾತಕ್ಕೆ ಅನ್ಕೊಂಡ್ರಿ, ಸೀರಿಯಲ್ ನೋಡೋಕಾ? ಕನ್ನಡಕ ಹಾಕ್ಕೊಂಡು ಒಂದು ವಾರ ನಿಮ್ಮೆದುರಿಗೇ ಓಡಾಡ್ದೆ. ಈಗಲಾದ್ರೂ ಕರೀತೀರಾ ಅಂತ."

ನಂಜಪ್ಪನಿಗೆ ಆ ವಾರ ನೆನಪಿಗೆ ಬಂತು. ಕನ್ನಡಕ ಚೆನ್ನಾಗಿದೆ ಎಂದು ಸಹ ಅವನು ಹೇಳಿರಲಿಲ್ಲ. ತನ್ನ ನಾಚಿಕೆ ಮುಚ್ಚಿಡಲು ಹೋಗಿ ಇವಳ ಕೈಯನ್ನೇ ಇವಳು ಅನುಮಾನಿಸುವ ಹಾಗೆ ಮಾಡಿದೆನಲ್ಲ ಎಂದು ಅವನಿಗೆ ಅನ್ನಿಸಿತು.

"ಮೂಗು ಮುಚ್ಕೊಂಡಿರ್ಬೌದು," ರಾಜಾಮಣಿ ಅಂದಳು. "ಇಲ್ಲ ಅನ್ನಲ್ಲ. ವಾಸನೆ ಬಂದ್ರೆ ಮೂಗು ಮುಚ್ಕೊಳ್ಳಲ್ವಾ ಮನುಷ್ಯರು? ಎದ್ದು ಹೋದ್ನಾ? ಅದನ್ನ ಹೇಳಿ. ಎದ್ದು ಹೋದ್ನಾ?"

"ಇಲ್ಲ."

"ಮತ್ತೆ? ಎಬ್ಬಿಸಿದ್ದು ನೀವು."

ಅವಳು ಕನ್ನಡಕ ಹಾಕಿಕೊಂಡು ಬೆರಳನ್ನು ಬೂದಿಗೆ ಅದ್ದಿ ಮತ್ತೆ ಹೊಸೆಯಲು ಶುರು ಮಾಡಿದಳು. ತಲೆ ಎತ್ತದೆಯೇ ಹೇಳಿದಳು, "ನಾಳೆ ನಾನೂ ಬರ್ತೀನಿ. ಬೇಡ ಅನ್ನೋದಾದ್ರೆ ನನ್ನೆದುರಿಗೇ ಡಾಕ್ಟರಿಗೆ ಹೇಳಿ. ಕಾರಣಾನೂ ಹೇಳಿ. ಆಮೇಲೆ ನಾನು ಬಾಯ್ ಬಿಡಲ್ಲ."

ಬುಧವಾರ ಡಾಕ್ಟರ್ ದಿವಾಕರ್ ಎದುರಿಗೆ ರಾಜಾಮಣಿ ಕುರ್ಚಿಯ ತುದಿಯಲ್ಲಿ ಕೂತು, ಗಂಡ ಆರು ವರ್ಷದಲ್ಲಿ ಕೇಳದ ಪ್ರಶ್ನೆಗಳನ್ನೆಲ್ಲ ತಮಿಳಿನಲ್ಲಿ ಕೇಳಿದಳು. ಮಾಡಿಸದಿದ್ದರೆ ಏನಾಗುತ್ತೆ? ನಿಧಾನಕ್ಕೆ ಬೆಳೆಯಬಹುದು, ವರ್ಷಗಳಾದ ಮೇಲೆ ಮೂಳೆಗೂ ಹೋಗಬಹುದು, ಯಾವಾಗ ಎಂದು ಹೇಳಲಾಗದು ಎಂದರು ಡಾಕ್ಟರು. ಮಾಡಿಸಿದರೆ ಹೋಗಿಯೇ ಹೋಗುತ್ತಾ? ಹೋಗುವ ಸಾಧ್ಯತೆ ಚೆನ್ನಾಗಿದೆ, ಖಾತ್ರಿ ಕೊಡಲಾರೆ. ಸೋರುವುದು? ಚಿಕಿತ್ಸೆಯ ದಿನಗಳಲ್ಲಿ ಉರಿ, ಅವಸರ ಬಹಳ ಮಂದಿಗೆ ಇರುತ್ತದೆ, ಮುಗಿದ ಮೇಲೆ ಇಳಿಯುತ್ತದೆ. ಕೆಲವರಿಗೆ ಸೋರುವುದು ಉಳಿದುಬಿಡುತ್ತದೆ. ಯಾರಿಗೆ ಎಂದು ಮೊದಲೇ ತಿಳಿಯುವುದಿಲ್ಲ.

"ನೀವೇನ್ ಹೇಳ್ತೀರಿ ಅಯ್ಯಾ?" ಡಾಕ್ಟರು ಅವನ ಕಡೆ ತಿರುಗಿದರು.

ನಂಜಪ್ಪನ್ ಹೆಂಡತಿಯ ಮುಖ ನೋಡಿದ. ಅವಳು ಮಾತು ಕೊಟ್ಟ ಹಾಗೆ ಬಾಯಿಗೆ ಬೀಗ ಹಾಕಿ ಗೋಡೆ ನೋಡುತ್ತಿದ್ದಳು.

"ಕಾರಣ ಹೇಳ್ಬೇಕು ಅಂತ ಒಪ್ಪಂದ ಆಗಿದೆ ಸಾರ್," ಅಂದ. "ಸಾಯೋದಕ್ಕೆ ನಾನು ಅಷ್ಟು ಹೆದರಲಿಲ್ಲ. ಇವಳ ಪಕ್ಕದಲ್ಲಿ ಒದ್ದೆ ಆಗೋದಕ್ಕೆ ಹೆದರಿದೆ. ಅದಕ್ಕೇ ಬೇಡ ಅಂತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ?"

"ಈಗಲೂ ಹೆದರಿಕೆ ಇದೆ ಸಾರ್. ಆದ್ರೆ ಇವಳಿಗೆ ಗೊತ್ತಾಗೋಯ್ತು. ಮುಚ್ಚಿಡೋ ಕೆಲಸ ಒಂದು ಕಡಿಮೆ ಆಯ್ತು." ಅವನಿಗೇ ತನ್ನ ದನಿ ಹಗುರವಾದ ಹಾಗೆ ಕೇಳಿಸಿತು. "ರೇಡಿಯೇಷನ್ ಕರೆಂಟು ಕೊಡಿ. ಇಂಜೆಕ್ಷನ್ ಕಟ್ಟಾಯವಾ?"

ನಂಬರು ಇಷ್ಟು ಸಣ್ಣದಿರುವಾಗ ಇಂಜೆಕ್ಷನ್ ಇಲ್ಲದೆಯೂ ಶುರು ಮಾಡಬಹುದು, ಮುಂದೆ ಬೇಕಾದರೆ ನೋಡೋಣ ಎಂದರು ಡಾಕ್ಟರು. ಹಾಗೆಯೇ ಆಗಲಿ ಎಂದ. ಮಧ್ಯಾಹ್ನ ಮೂರು ಗಂಟೆಯ ಹೊತ್ತು ಗೊತ್ತುಮಾಡಿಸಿಕೊಂಡ, ಬೆಳಗಿನ ಹೊತ್ತು ನೇಯಬಹುದು ಅಂತ. ಹೊರಗೆ ಬಂದ ಮೇಲೆ ರಾಜಾಮಣಿ ಜಗುಲಿಯ ಕಟ್ಟೆಗೆ ಒರಗಿ ಒಂದು ನಿಮಿಷ ಕಣ್ಣು ಮುಚ್ಚಿಕೊಂಡಳು. "ನೀವು ಬೇಡ ಅಂದಿದ್ರೂ ನಾನು ಬಾಯ್ ಬಿಡ್ತಿರ್ಲಿಲ್ಲ," ಅಂದಳು, "ಮನೆಗೆ ಹೋದ ಮೇಲೆ ಕೊಂದಾಕ್ತಿದ್ದೆ."

ರೇಡಿಯೇಷನ್ ವಿಭಾಗದಲ್ಲಿ ಹಿನಾ ಎಂಬ ಹುಡುಗಿ ಮಷೀನಿನ ಮೇಲೆ ಮಲಗಿಸುವ ಕೆಲಸದಲ್ಲಿದ್ದಳು, ದಾವಣಗೆರೆಯ ಕಡೆಯವಳು. ಗಂಡ ಹೆಂಡತಿ ಮಾತಾಡುವುದು ಕಿವಿಗೆ ಬಿದ್ದು, "ಅಯ್ಯೋ, ನೀವು ಕನ್ನಡದವರಾ!" ಎಂದು ಹಿಗ್ಗಿದಳು. ಅವಳ ಪುಸ್ತಕದಂಥ ಕನ್ನಡ ಕೇಳಿ ರಾಜಾಮಣಿಗೆ ನಗು. "ಅಜ್ಜಾ, ಅರ್ಧ ಲೀಟರ್ ನೀರು ಕುಡಿದು ಮುಕ್ಕಾಲು ಗಂಟೆ ತಡ್ಕೊಂಡಿರಬೇಕು. ಮೂತ್ರದ ಚೀಲ ತುಂಬಿದ್ರೇನೇ ಕಿರಣ ಸರಿಯಾದ ಜಾಗಕ್ಕೆ ಬೀಳೋದು," ಎಂದಳು.

"ಕಣ್ಣೂ, ತಡೆಯಾಕ್ ಆಗಲ್ಲ ಅಂತಾನೇ ನಾನು ವರ್ಷಗಟ್ಟಲೆ ಒದ್ದಾಡಿದ್ದು," ನಂಜಪ್ಪನ್ ಅಂದ. "ನೀನು ನೋಡಿದ್ರೆ ಅದನ್ನೇ ಕೇಳ್ತೀಯಲ್ಲ!"

ತಡೆದ. ಮೊದಲ ದಿನ ಬೆಂಚಿನ ಮೇಲೆ ಹಲ್ಲು ಕಚ್ಚಿ ಕೂತು, ಎರಡನೇ ವಾರ ಬೆವರಿ, ಮೂರನೇ ವಾರ ಉರಿ ಶುರುವಾಗಿ ಡಾಕ್ಟರು ಗುಳಿಗೆ ಕೊಟ್ಟ ಮೇಲೂ ತಡೆದ. ಎರಡು ಸಲ ಆಗದೆ ಎದ್ದು ಓಡಿ, ಮತ್ತೆ ನೀರು ಕುಡಿದು ಮೊದಲಿಂದ ಕಾದ. ಯಾರೂ ಬೈಯಲಿಲ್ಲ.

ಹತ್ತೊಂಬತ್ತನೇ ದಿನ, ಗುರುವಾರ ಬೆಳಗ್ಗೆ. ಮೊದಲ ಸೀರೆ ಅರ್ಧಕ್ಕೆ ಬಂದಿತ್ತು. ಒಡಲು ಎಲೆ ಹಸುರು, ಅಂಚು ಅರಿಶಿನ. ಇಬ್ಬರೂ ಮಗ್ಗದಲ್ಲಿ ಕೂತಿದ್ದರು. ಶುರುವಿನಲ್ಲಿ ಅವಳ ಕೈ ತಡವರಿಸಿ ಎರಡು ಗೇಣು ಅಂಚು ಬಿಚ್ಚಿ ನೇಯಬೇಕಾಗಿತ್ತು. ಈಗ ಲಾಳಿಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ನಂಜಪ್ಪನ್ ಬಲಗಾಲು ತುಳಿದ. ಆ ಒತ್ತಡಕ್ಕೆ ಬೆಚ್ಚಗೆ ಇಳಿಯಿತು. ಒಂದು ಹನಿಯಲ್ಲ. ಚಿಕಿತ್ಸೆ ಶುರುವಾದಾಗಿನಿಂದ ಮತ್ತೆ ಕಟ್ಟಿಕೊಳ್ಳುತ್ತಿದ್ದ ಪ್ಯಾಡು ದಾಟಿ, ಬಟ್ಟೆ ದಾಟಿ, ವೇಷ್ಟಿಯವರೆಗೆ ಬಂತು.

ಅವನ ಕೈ ನಿಂತಿತು. ಬೆನ್ನು ನೋವು ಅನ್ನಲೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ರಾಜಾಮಣಿ ಲಾಳಿ ಹಿಡಿದು ಅವನ ಸರದಿಗೆ ಕಾಯುತ್ತಿದ್ದಳು, ಭುಜ ತಾಗುವಷ್ಟು ಹತ್ತಿರ.

"ರಾಜಾಮಣಿ," ಅಂದ. "ಒದ್ದೆ ಆಯ್ತು."

ಅವಳು ಅವನ ಕಡೆ ತಿರುಗಿದಳು. ಆರು ವರ್ಷದಲ್ಲಿ ಆ ಮಾತನ್ನು ಅವನು ಅವಳಿಗೆ ಹೇಳಿದ್ದು ಅದೇ ಮೊದಲು.

"ಹೋಗಿ ಬದಲಾಯಿಸ್ಕೊಂಡು ಬನ್ನಿ," ಅಂದಳು. "ಒಗೆದ ವೇಷ್ಟಿ ಹಿತ್ತಲ ಹಗ್ಗದ ಮೇಲಿದೆ. ಪಲಕ ನಾನು ಒರೆಸ್ತೀನಿ."

ಅವನು ಎದ್ದು ಹೋದ. ತೊಳೆದುಕೊಂಡು, ಬಟ್ಟೆ ಬದಲಿಸಿ ಬರಲು ಕಾಲು ಗಂಟೆಯಾಯಿತು. ಬಂದು ನೋಡಿದರೆ ಕೂರುವ ಪಲಕ ಒರೆಸಿ ಒಣಗಿತ್ತು, ರಾಜಾಮಣಿ ತನ್ನ ಜಾಗದಲ್ಲೇ ಲಾಳಿ ಹಿಡಿದು ಕೂತಿದ್ದಳು.

"ಎಷ್ಟ್ ಹೊತ್ತುಂಗ!" ಎಂದು ಬೈದಳು. "ಹನ್ನೆರಡೂವರೆ ಬಸ್ಸಿಗೆ ಹೋಗ್ಬೇಕು. ಅಷ್ಟರಲ್ಲಿ ಇನ್ನೊಂದು ಮೊಳ ಆದ್ರೂ ಆಗ್ಬೇಡ್ವಾ?"

ನಂಜಪ್ಪನ್ ಅವಳ ಪಕ್ಕದಲ್ಲಿ ಕೂತು ಕಾಲು ಗುಂಡಿಗೆ ಇಳಿಬಿಟ್ಟ.